ಮೂರಕ್ಷರದ ಸಾವು

ನಿಪ್ಪಾಣಿ
೧೯ ನವೆಂಬರ್ ೨೦೨೪

ಪ್ರೀತಿಯ ಕಾಜಲ,

ಜಯ ಜಿನೇಂದ್ರ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆದಿಲ್ಲ. ದೀಪಾವಳಿಗೆ ನೀನು ಪುಣೆಯಿಂದ ಕಳಿಸಿದ ಡಬ್ಬಿ ತಲುಪಿತೆಂದು ಕೂಡ ತಿಳಿಸಲಿಲ್ಲ. ಬೈದುಕೋ, ಆದರೆ ಮುನಿಸಿಕೊಳ್ಳಬೇಡ. ಫೋನಿನಲ್ಲಿ ಹೇಳಬಹುದಿತ್ತು. ನೀನು ನಡುನಡುವೆ ಸಮಾಧಾನ ಮಾಡುತ್ತೀ, ನನಗೆ ಈಗ ಸಮಾಧಾನ ಬೇಡ. ಅವ್ವನ ಮೊಣಕಾಲು ಸ್ವಲ್ಪ ವಾಸಿ. ಪೇಟೆಯ ತುಂಬ ಕಬ್ಬಿನ ಟ್ರ್ಯಾಕ್ಟರು, ಕಿವಿ ಮುಚ್ಚಿಕೊಂಡು ಬರೆಯುತ್ತಿದ್ದೇನೆ.

ನಮ್ಮ ಕಚೇರಿಯ ಮಾಲೀಕ ರೂಪೇಶನ ಬಗ್ಗೆ ಹಿಂದೆ ಒಂದೆರಡು ಸಾಲು ಬರೆದಿದ್ದೆ. ಮೊದಲು ಝೆರಾಕ್ಸ್ ಅಂಗಡಿ ಇಟ್ಟಿದ್ದ. ಈಗ ಅದೇ ಅಂಗಡಿಗೆ ಗಾಜಿನ ಬಾಗಿಲು ಹಾಕಿಸಿ ‘ಅಂತಾರಾಷ್ಟ್ರೀಯ ಭಾಷಾಂತರ ಕೇಂದ್ರ’ ಎಂದು ಬೋರ್ಡು ಬರೆಸಿದ್ದಾನೆ. ಬೋರ್ಡಿನ ಮೇಲೆ ಆರು ಭಾಷೆಗಳಿವೆ. ಅವನಿಗೆ ಬರುವುದು ಕನ್ನಡ, ಮರಾಠಿ, ಮತ್ತೆ ಗಿರಾಕಿ ಬಂದಾಗ ಮಾತ್ರ ಹೊರಬೀಳುವ ಒಂದಿಷ್ಟು ಇಂಗ್ಲಿಷ್. ನಾನು ವಾರಕ್ಕೆ ಮೂರು ದಿನ ಅಲ್ಲಿ ಕೂತು ಸ್ಪೇನಿನ ಆಸ್ಪತ್ರೆಗಳ ಕಾಗದಗಳನ್ನು ಇಂಗ್ಲಿಷಿಗೆ ತರುತ್ತೇನೆ. ಸ್ಪೇನಿನ ವೈದ್ಯರು ಅಕ್ಷರದ ವಿಷಯದಲ್ಲಿ ಎಷ್ಟು ಜಿಪುಣರೆಂದು ಸ್ಪ್ಯಾನಿಷ್ ಕಲಿಸುವ ನಿನಗೆ ಗೊತ್ತು. ಒಂದು ಸಾಲಿನಲ್ಲಿ ಎಂಟು ಸಂಕ್ಷೇಪ, ಒಂದೇ ಸಂಕ್ಷೇಪಕ್ಕೆ ವಾರ್ಡಿಗೊಂದು ಅರ್ಥ. ಅವನ್ನೆಲ್ಲ ನಾನು ನಾಲ್ಕು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ರೂಪೇಶನ ಹತ್ತಿರ ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಪಟ್ಟಿಯೊಂದಿದೆ. ಅದರಲ್ಲಿ ನಾಲ್ಕು ಅರ್ಥ ಕೊಟ್ಟಿದ್ದರೆ ಅವನು ಮೊದಲನೆಯದನ್ನು ಎತ್ತಿಕೊಳ್ಳುತ್ತಾನೆ, ತರಕಾರಿ ಆರಿಸುವಷ್ಟು ಕಾಳಜಿಯೂ ಇಲ್ಲದೆ.

ಅಕ್ಟೋಬರ್ ಕೊನೆಯಲ್ಲಿ ಒಬ್ಬ ಹೆಣ್ಣುಮಗಳು ಎರಡು ಬಸ್ಸು ಬದಲಿಸಿ ಮಂಗಸೂಳಿಯಿಂದ ಬಂದಳು. ಹೆಸರು ಉಜ್ವಲಾ, ಮೂವತ್ತರ ಆಸುಪಾಸು. ಅವಳ ಗಂಡ ಶಿವರಾಜ ಐಗಳಿಯ ದ್ರಾಕ್ಷಿ ಬೆಳೆಗಾರ. ಸ್ಪೇನಿನ ತೋಟವೊಂದಕ್ಕೆ ಒಂಬತ್ತು ತಿಂಗಳ ಕೆಲಸಕ್ಕೆ ಹೋಗಿದ್ದವನು ಆಗಸ್ಟಿನ ಬಿಸಿಲಿನಲ್ಲಿ ಬಳ್ಳಿಗಳ ನಡುವೆಯೇ ಕುಸಿದುಬಿದ್ದ. ಆಸ್ಪತ್ರೆಯಲ್ಲಿ ಜೀವ ಹೋಯಿತು. ಹೆಣದ ಜೊತೆ ನಾಲ್ಕು ಪುಟದ ಸ್ಪ್ಯಾನಿಷ್ ಕಾಗದ ಬಂತು. ತಾಲೂಕು ಕಚೇರಿಯವರು ಇಂಗ್ಲಿಷ್ ಪ್ರತಿ ಕೇಳಿದ್ದರಿಂದ ಮನೆಯವರು ಸೆಪ್ಟೆಂಬರಿನಲ್ಲಿ ನಮ್ಮ ಕೇಂದ್ರದಲ್ಲಿ ಭಾಷಾಂತರ ಮಾಡಿಸಿಕೊಂಡಿದ್ದರು. ಅದರಲ್ಲಿ ಆತ ಆತ್ಮಹತ್ಯೆ ಮಾಡಿಕೊಂಡನೆಂದು ಬರೆದಿತ್ತು.

ಸಾಯುವ ಹಿಂದಿನ ದಿನ ಗಂಡ ಹೆಂಡತಿ ಫೋನಿನಲ್ಲಿ ಜಗಳವಾಡಿದ್ದರು. ಇನ್ನೂ ಮೂರು ತಿಂಗಳು ಅಲ್ಲೇ ಇರುತ್ತೇನೆಂದು ಅವನು, ಈಗ ಬರದಿದ್ದರೆ ಮತ್ತೆ ಬರಲೇಬೇಡವೆಂದು ಇವಳು. ಅಷ್ಟು ಸಾಕಾಯಿತು, ತೋಟದಲ್ಲಿ ಬಿದ್ದದ್ದು ವಿಷ ಕುಡಿದೇ ಇರಬೇಕೆಂದು ಮನೆಯವರು ಊಹಿಸಿಕೊಂಡರು. ಇವಳ ಬಾಯಿಯೇ ಅವನನ್ನು ತಿಂದಿತೆಂದು ಅತ್ತೆ ಅಕ್ಕವ್ವ ಇವಳನ್ನು ಮಂಗಸೂಳಿಯ ತವರಿಗೆ ಅಟ್ಟಿದಳು. ಆರು ವರ್ಷದ ಮಗಳನ್ನು ಮಾತ್ರ ಐಗಳಿಯಲ್ಲೇ ಇಟ್ಟುಕೊಂಡರು.

ಇದನ್ನೆಲ್ಲ ಹೇಳುವಾಗ ಅವಳ ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ಸ್ಪ್ಯಾನಿಷ್ ಕಾಗದವನ್ನು ನನ್ನ ಮುಂದೆ ಹರಡಿ ಕೇಳಿದಳು:

“ಇದರಾಗ ಯಾವ ಅಕ್ಷರ ಅಕ್ಕಾರ, ಅವರು ತಾವಾಗೆ ಜೀವಾ ಕಳಕೊಂಡ್ರು ಅನ್ನೂದು? ಬೆರಳ ಇಟ್ಟು ತೋರಸ್ರಿ.”

ನಾನು ಹುಡುಕಿದೆ. ಅಂಥ ಅಕ್ಷರವೇ ಇರಲಿಲ್ಲ. ಇದ್ದದ್ದು ಐಎಎಂ. ಇನ್ಫಾರ್ತೊ ಆಗೂದೊ ದೆ ಮಿಯೊಕಾರ್ದಿಯೊ. ಹೃದಯಾಘಾತ, ಕಾಜಲ. ಮೊದಲ ವರ್ಷದ ನರ್ಸಿಂಗ್ ವಿದ್ಯಾರ್ಥಿಗೂ ಗೊತ್ತಿರುವ ಮೂರಕ್ಷರ. ರೂಪೇಶನ ಪಟ್ಟಿಯಲ್ಲಿ ಐಎ ಮಾತ್ರ ಇತ್ತು, ಅದರ ಮುಂದೆ ಆತ್ಮಹತ್ಯೆಯ ಯತ್ನ ಎಂಬ ಅರ್ಥ. ಉಳಿದ ಎಂ ಅಕ್ಷರಕ್ಕೆ ಮೊರ್ತಾಲ್, ಅಂದರೆ ಮಾರಣಾಂತಿಕ ಎಂದು ತಾನೇ ಸೇರಿಸಿದ್ದ. ಎಪಿ, ಸಿನ್ ಇಂತೆರೆಸ್ ಎಂದಿತ್ತು. ಹಿಂದಿನ ಕಾಯಿಲೆಗಳಲ್ಲಿ ಗಮನಾರ್ಹವಾದದ್ದು ಏನೂ ಇಲ್ಲ ಎಂದರ್ಥ. ರೂಪೇಶನ ಕೈಯಲ್ಲಿ ಅದು ‘ರೋಗಿಗೆ ಬದುಕಿನಲ್ಲಿ ಆಸಕ್ತಿ ಇರಲಿಲ್ಲ’ ಎಂದಾಗಿತ್ತು. ಆಮೇಲೆ ಪಿಸಿಆರ್ ಪ್ರೆಸೆನ್ಸಿಯಾದಾ, ಬೆಳಿಗ್ಗೆ ಹನ್ನೊಂದೂ ನಲವತ್ತು. ಪಕ್ಕದಲ್ಲಿ ಜನರಿರುವಾಗಲೇ ಹೃದಯ ನಿಂತಿತು ಎಂದು ಅಲ್ಲಿನ ವೈದ್ಯರು ಬರೆದಿದ್ದರು. ನಮ್ಮ ಪಂಡಿತ ಅದನ್ನು ‘ಸಾಕ್ಷಿಗಳ ಸಮಕ್ಷಮ ಕೊರೊನಾ ಪರೀಕ್ಷೆ ಮಾಡಲಾಯಿತು’ ಎಂದು ಇಂಗ್ಲಿಷಿಗೆ ತಂದಿದ್ದ. ಪಂಚನಾಮೆ ಬರೆದು ಅಭ್ಯಾಸವಿದ್ದಂತೆ.

ಅವನನ್ನು ಒಳಗೆ ಕರೆದು ತೋರಿಸಿದೆ. ಮುಖದ ಮೇಲೆ ಒಂದು ಗೆರೆ ಅಲುಗಲಿಲ್ಲ.

“ಮ್ಯಾಡಮ್, ಮನಷ್ಯಾ ಸತ್ತಾನ ಅನ್ನೂದಂತೂ ಬರೋಬ್ಬರಿ ಬಂದೈತಿ. ಹೆಂಗ ಸತ್ತಾ ಅನ್ನೂದು ಯಾರ ಕೇಳ್ತಾರ್ರಿ?” ಎಂದ. ಬೇಕಾದರೆ ಇನ್ನೊಂದು ಪ್ರತಿ ಪುಕ್ಕಟೆ ಕೊಡೋಣವೆಂದೂ ಸೇರಿಸಿದ. ಆ ಔದಾರ್ಯವನ್ನು ನೀನು ನೋಡಬೇಕಿತ್ತು.

ಹೊಸ ಭಾಷಾಂತರವನ್ನು ಅವತ್ತೇ ಮಾಡಿ, ಸಹಿ, ಮೊಹರು ಹಾಕಿದೆ. ಮರುದಿನ ಅಥಣಿಯಲ್ಲಿ ಉಜ್ವಲಾಳನ್ನು ಕೂಡಿಕೊಂಡು ಐಗಳಿಗೆ ಹೋದೆ. ದ್ರಾಕ್ಷಿ ತೋಟದ ಪಕ್ಕದಲ್ಲೇ ಮನೆ. ಮಾವ ಬಾಬಾಸಾಹೇಬರು ನಮ್ಮನ್ನು ಒಳಗೆ ಕರೆದರು, ಅಕ್ಕವ್ವ ಮುಖ ತಿರುಗಿಸಿದಳು. ಅವರ ದಾಯಾದಿ ಅಣ್ಣಾಸಾಬನನ್ನು ಕರೆಸಿದರು. ಆತ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ಹಳೆಯ ಪ್ರತಿಯನ್ನು ಇಪ್ಪತ್ತು ಜನರ ನಡುವೆ ಗಟ್ಟಿಯಾಗಿ ಓದಿ, ‘ಡಿಪ್ರೆಶನ್’ ಎಂಬ ಶಬ್ದವನ್ನು ತನ್ನ ಕಡೆಯಿಂದ ಕಾಣಿಕೆಯಾಗಿ ಕೊಟ್ಟಿದ್ದು ಇದೇ ಮಹಾನುಭಾವ.

ನಾನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಬಾಬಾಸಾಹೇಬರು ತಲೆ ತಗ್ಗಿಸಿ ಕೇಳಿದರು. ಅಣ್ಣಾಸಾಬ ಕನ್ನಡಕ ಒರೆಸಿ ಅದಕ್ಕೂ ಮೊಹರಿದೆ, ಇದಕ್ಕೂ ಮೊಹರಿದೆ, ಯಾವುದನ್ನು ನಂಬುವುದು ಎಂದು ಕೇಳಿದ. ಪಿಸಿಆರ್ ಅಂದರೆ ಏನೆಂದು ನಾನು ಕೇಳಿದೆ. ಕೊರೊನಾ ಪರೀಕ್ಷೆ, ಇಡೀ ಜಗತ್ತಿಗೆ ಗೊತ್ತು ಎಂದ. ಹಾಗಾದರೆ ಅದೇ ನಿಮಿಷಕ್ಕೆ ವೈದ್ಯರು ಎದೆ ಒತ್ತಲು ಶುರುಮಾಡಿದ್ದು, ನಲವತ್ತು ನಿಮಿಷ ಬಿಡದೆ ಒತ್ತಿದ್ದು ಯಾವ ಪರೀಕ್ಷೆಗೆ ಎಂದು ಮುಂದಿನ ಸಾಲು ತೋರಿಸಿದೆ. ಆತ ಕನ್ನಡಕವನ್ನು ಮತ್ತೆ ಒರೆಸತೊಡಗಿದ. ತಿಳಿಯದಿದ್ದರೆ ತಿಳಿಯದು ಅನ್ನಲು ಈ ಗಂಡಸರಿಗೆ ಎಷ್ಟು ವರ್ಷ ಪಾಠ ಹೇಳಬೇಕೋ.

ಆಗ ಬಾಗಿಲ ಬಳಿ ನಿಂತಿದ್ದ ಉಜ್ವಲಾ ಕೇಳಿದಳು, “ಜೀವಾ ಹೋಗೂವಾಗ ಅವರ ಬಾಜೂ ಮಂದಿ ಇದ್ರೇನ್ರಿ?”

ಇದ್ದರು, ಕೈಬಿಡದೆ ನೋಡಿಕೊಂಡರು ಎಂದೆ.

“ನನ್ನ ಒಂದು ಮಾತಿಗೆ ನನ್ನೂ ಮಗಳನ್ನೂ ಬಿಟ್ಟು ಹ್ವಾದ್ರಲ್ಲ ಅಂತ ಸಿಟ್ಟಾಗಿದ್ದೆ. ಇಷ್ಟ ದಿನಾ ಅಳಲೂ ಇಲ್ಲ ನಾ” ಎಂದಳು. ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತಳು. ಅಂಥ ಅಳುವನ್ನು ನಾನು ಕೇಳಿರಲಿಲ್ಲ. ಅಕ್ಕವ್ವ ಬಹಳ ಹೊತ್ತಿನ ಮೇಲೆ ಎದ್ದು ಸೊಸೆಗೆ ನೀರು ತಂದಳು, “ಒಳಗ ಬಾ” ಅಂದಳು. ತಪ್ಪಾಯಿತು ಎನ್ನುವ ಒಂದು ಶಬ್ದ ಆ ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಅಣ್ಣಾಸಾಬ ಚಹಾ ಕುಡಿದು ಎದ್ದುಹೋದ. ಉಜ್ವಲಾ ಈಗ ಅಲ್ಲೇ ಮಗಳೊಂದಿಗೆ ಇದ್ದಾಳೆ.

ರೂಪೇಶನ ಕೇಂದ್ರವನ್ನು ಬಿಟ್ಟೆ. ಅವನಿಗೆ ನಾನು ಹೋದದ್ದೂ ಒಂದು ಭಾಷಾಂತರದಷ್ಟೇ ಅರ್ಥವಾಗಿರಬೇಕು. ನಿನ್ನ ವಿದ್ಯಾರ್ಥಿಗಳಿಗೆ ಸಂಕ್ಷೇಪಗಳ ಪಾಠವನ್ನು ನಿಧಾನವಾಗಿ ಮಾಡು. ನಿನ್ನ ಇಬ್ಬರು ಮಕ್ಕಳಿಗೂ ಆಯುಷ್ಯ, ಆರೋಗ್ಯ ಸಿಗಲಿ, ನಿನ್ನ ಮನೆ ತುಂಬಿರಲಿ.

ನಿನ್ನ,
ಬ್ರಾಹ್ಮಿ

ತಾ.ಕ.: ಇಷ್ಟೆಲ್ಲ ಬೈದು ಬರೆದರೂ ಒಂದನ್ನು ಬರೆಯಲಾಗಲಿಲ್ಲ. ಸೆಪ್ಟೆಂಬರಿನ ಆ ಭಾಷಾಂತರದ ಕೆಳಗಿನ ಸಹಿ ನನ್ನದು. ದಶಲಕ್ಷಣ ಪರ್ವಕ್ಕೆ ಹತ್ತು ದಿನ ರಜೆ ಹಾಕುವ ಮೊದಲು, ಗಿರಾಕಿಗಳಿಗೆ ತಡವಾಗಬಾರದೆಂದು ರೂಪೇಶ ಕೇಳಿದ್ದಕ್ಕೆ, ಹತ್ತು ಖಾಲಿ ಹಾಳೆಗಳಿಗೆ ಸಹಿ ಮಾಡಿಕೊಟ್ಟಿದ್ದೆ. ಪರ್ವ ಮುಗಿದ ಮೇಲೆ ಬಸದಿಯಲ್ಲಿ ಎಲ್ಲರ ಮುಂದೆ ಕೈಮುಗಿದು ಕ್ಷಮೆ ಕೇಳುತ್ತಿದ್ದಾಗ, ಐಗಳಿಯಲ್ಲಿ ನನ್ನ ಸಹಿಯ ಕಾಗದ ಓದಿ ಉಜ್ವಲಾಳನ್ನು ಹೊರಗೆ ಹಾಕುತ್ತಿದ್ದರು. ಇದು ಬಾಬಾಸಾಹೇಬರಿಗೆ ಗೊತ್ತಾಗಿದೆ. ನನ್ನನ್ನು ಬಸ್ಸಿನವರೆಗೆ ಬಿಡಲು ಬಂದವರು, “ಎರಡೂ ಕಾಗದದಾಗ ಒಂದ ಕೈ ಐತೆಲ್ಲ ತಂಗಿ” ಅಂದರು. ನಾನು ಬಸ್ಸು ಹತ್ತಿದೆ. ಸೊಸೆಗೆ ತಾವು ಹೇಳುವುದಿಲ್ಲ, ಅವಳು ನನ್ನನ್ನು ನಂಬಿದ್ದಾಳೆ ಎಂದು ಹೇಳಿ ನನ್ನ ಚೀಲವನ್ನು ಮೇಲೆ ಕೊಟ್ಟರು. ನಿನ್ನೆ ಉಜ್ವಲಾ ಫೋನು ಮಾಡಿ, ಮಗಳನ್ನು ನಿಮ್ಮ ಹಾಗೆ ಓದಿಸುತ್ತೇನೆ ಎಂದಳು. ಹೇಳಿಬಿಡಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಫೋನನ್ನು ಮಗಳ ಕೈಗೆ ಕೊಟ್ಟಳು.