ಎರಡು ಕೈ ಬೇಡುವ ಲೆನ್ಸ್

ಮಂಗಳವಾರ, ಬೆಳಗ್ಗೆ ಹತ್ತೂವರೆ

ನನ್ನ ಮುದ್ದಿನ ಬಟಾಣಿಗೆ,

ಮೂವತ್ತಮೂರು ತುಂಬಿದ, ಎರಡು ಮಕ್ಕಳ ತಾಯಿಯನ್ನು ಹೀಗೆ ಕರೆಯಬಾರದು ಎಂದು ನೀನು ಎಷ್ಟು ಸಲ ಗದರಿಸಿದ್ದೀಯೋ. ಕಾಗದದಲ್ಲಿ ಕರೆದರೆ ಯಾರಿಗೂ ಕೇಳಿಸುವುದಿಲ್ಲ, ಸುಮ್ಮನಿರು. ನಾನು ಆರಾಮಾಗಿದ್ದೇನೆ. ನೀವೂ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ.

ಭಾನುವಾರ ಫೋನಿನಲ್ಲಿ ನೀನು ಕೇಳಿದ್ದು ಎರಡೇ ಮಾತು. ಮಕ್ಕಳ ರಜೆಗೆ ಪಾರ್ಕಿಗೆ ಹೋಗುವಾಗ ಯಾವ ಕ್ಯಾಮೆರಾ ಒಯ್ಯಲಿ, ಮತ್ತು ನೀನೂ ಬರುತ್ತೀಯಾ. ಮೊದಲನೆಯದಕ್ಕೆ ನೋಡಿ ಹೇಳುತ್ತೇನೆ ಎಂದೆ. ಎರಡನೆಯದಕ್ಕೆ ಮೊಣಕಾಲು ನೋವು ಎಂದೆ. ಎರಡಕ್ಕೂ ಸರಿಯಾದ ಉತ್ತರ ಈ ಕಾಗದದಲ್ಲಿದೆ. ಫೋನಿನಲ್ಲಿ ಹೇಳಲು ಹೊರಟರೆ ನಿನ್ನ ಮಗ ನಡುವೆ ಬಂದು ಫೋನು ಕಿತ್ತುಕೊಂಡು ನಾಯಿಯ ಹಾಗೆ ಬೊಗಳಿ ತೋರಿಸುತ್ತಾನೆ, ನನಗೆ ನಗು ಬರುತ್ತದೆ, ಮಾತು ಅಲ್ಲಿಗೇ ನಿಂತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಕ್ಯಾಮೆರಾ ಚೀಲದ ಹೊರಜೇಬಿನಲ್ಲಿ ಇದನ್ನು ಇಟ್ಟು ಪಾರ್ಸೆಲ್ ಮಾಡುತ್ತೇನೆ.

ಮೊದಲು ಸಾಮಾನಿನ ವಿಚಾರ. ಅಳಿಯಂದಿರು ಕಳಿಸಿದ ಪಟ್ಟಿ ನೋಡಿದೆ. ದೊಡ್ಡ ಕ್ಯಾಮೆರಾ, ಉದ್ದದ ಲೆನ್ಸ್, ಟ್ರೈಪಾಡ್, ಸಾಲದ್ದಕ್ಕೆ ಹಣೆಗೆ ಕಟ್ಟಿಕೊಳ್ಳುವ ಸಣ್ಣ ಕ್ಯಾಮೆರಾ ಬೇರೆ. ಇಪ್ಪತ್ತೈದು ವರ್ಷ ಸ್ಟುಡಿಯೋ ನಡೆಸಿದ ನಾನು ಯಾವ ಮದುವೆಗೂ ಇಷ್ಟು ಹೊತ್ತುಕೊಂಡು ಹೋದವಳಲ್ಲ. ಅವರಿಗೆ ಬೇಜಾರಾಗದ ಹಾಗೆ ನೀನೇ ಹೇಳಿಬಿಡು. ಟ್ರೈಪಾಡನ್ನು ಗೇಟಿನಲ್ಲೇ ಇಡಿಸಿಕೊಳ್ಳುತ್ತಾರೆ. ನೀರಿನಲ್ಲಿ ಜಾರುವ ದೋಣಿ ಹತ್ತುವಾಗ ಚೀಲವನ್ನು ಯಾರಾದರೂ ಕಾಯಬೇಕು, ಚೀಲ ಕಾಯುವವರ ಕಣ್ಣು ಮಕ್ಕಳ ಮೇಲೆ ಇರುವುದಿಲ್ಲ.

ನಾನು ಕಳಿಸುತ್ತಿರುವುದು ಆ ಚಿಕ್ಕ ಕಪ್ಪು ಕ್ಯಾಮೆರಾ. ಅಂಗೈಯಲ್ಲಿ ಕೂರುತ್ತದೆ. ಅದರ ಲೆನ್ಸ್ ಬಿಚ್ಚಲು ಬರುವುದಿಲ್ಲ, ದೂರದ್ದನ್ನು ಹತ್ತಿರ ಎಳೆಯಲೂ ಬರುವುದಿಲ್ಲ. ಮಗುವಿನ ಮುಖ ದೊಡ್ಡದಾಗಿ ಬೇಕಿದ್ದರೆ ನೀನೇ ನಡೆದು ಮಗುವಿನ ಹತ್ತಿರ ಹೋಗಬೇಕು. ಅದಕ್ಕೇ ಅದನ್ನು ಆರಿಸಿದ್ದು. ಕುತ್ತಿಗೆಯ ಪಟ್ಟಿ ತೆಗೆದು ಮಣಿಕಟ್ಟಿನ ಪಟ್ಟಿ ಹಾಕಿದ್ದೇನೆ. ಬಲಗೈಗೆ ಸಿಕ್ಕಿಸಿಕೋ, ಎಡಗೈ ಖಾಲಿ ಇರಲಿ. ಬ್ಯಾಟರಿ ಎರಡಿವೆ, ಎರಡೂ ಚಾರ್ಜ್ ಆಗಿವೆ. ಏಸಿ ಕಾರಿನಿಂದ ಇಳಿದಾಗ ಲೆನ್ಸಿನ ಮೇಲೆ ಮಂಜು ಕೂರುತ್ತದೆ, ಸೆರಗಿನಿಂದ ಒರೆಸಬೇಡ, ತಾನಾಗಿ ಹೋಗುತ್ತದೆ.

ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡ. ಗೇಟಿನೊಳಗೆ ಕಾಲಿಟ್ಟ ತಕ್ಷಣ, ಬೇರೆ ಯಾವ ಫೋಟೋಗೂ ಮೊದಲು, ಮಕ್ಕಳಿಬ್ಬರನ್ನೂ ನಿಲ್ಲಿಸಿ ತಲೆಯಿಂದ ಕಾಲಿನವರೆಗೆ ಎರಡೆರಡು ಫೋಟೋ ತೆಗಿ. ಮುಂದಿನಿಂದ ಒಂದು, ಬೆನ್ನಿನ ಕಡೆಯಿಂದ ಒಂದು. ಚಪ್ಪಲಿಯೂ ಕಾಣಬೇಕು. ಇದು ಆಲ್ಬಮ್ಮಿಗಲ್ಲ. ಮಗು ಏನು ಹಾಕಿಕೊಂಡಿತ್ತು ಎಂದು ಯಾರಾದರೂ ಕೇಳುವ ಹೊತ್ತಿನಲ್ಲಿ ತಾಯಿಯ ನಾಲಿಗೆ ಹೊರಳುವುದಿಲ್ಲ. ನನ್ನದು ಹೊರಳಲಿಲ್ಲ. ಮತ್ತೆ, ಗೇಟಿನಲ್ಲಿ ಪುಕ್ಕಟೆ ಟೋಪಿ ಹಂಚುತ್ತಿದ್ದರೆ ತೆಗೆದುಕೊಳ್ಳಬೇಡ.

ಉದ್ದದ ಲೆನ್ಸ್ ಕಳಿಸುವುದಿಲ್ಲ. ಕೆಟ್ಟುಹೋಗಿದೆ ಎಂದು ಬರೆಯೋಣ ಅಂದುಕೊಂಡಿದ್ದೆ. ಕೆಟ್ಟಿಲ್ಲ, ಬೀರುವಿನಲ್ಲಿ ಚೆನ್ನಾಗಿಯೇ ಇದೆ.

ಬುಧವಾರ, ಮಧ್ಯಾಹ್ನ

ನಿನ್ನೆ ಅಲ್ಲಿಗೆ ಪೆನ್ನು ಇಟ್ಟು ಎದ್ದುಬಿಟ್ಟೆ. ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ ಒರೆಸಿದೆ. ಅವು ಹೋದ ವಾರವಷ್ಟೇ ಒರೆಸಿದವು. ಈಗ ಮತ್ತೆ ಕೂತಿದ್ದೇನೆ.

ಭಾನುವಾರ ಫೋನಿಡುವ ಮುಂಚೆ ನೀನು ಒಂದು ಮಾತು ಹೇಳಿದೆ. ಚಿಕ್ಕವನ ಸೊಂಟಕ್ಕೆ ಕಟ್ಟಿ ಹಿಡಿದುಕೊಳ್ಳುವ ಪಟ್ಟಿ ತಂದಿದ್ದೀಯಂತೆ. ‘ಏನ್ ಮಾಡ್ಲಿ ಅಮ್ಮ, ನನ್ನ ಬುದ್ಧಿನೇ ಬಂದಿದೆ ಅವನಿಗೆ, ಕೈ ಬಿಟ್ರೆ ಓಟ’ ಅಂತ ನಕ್ಕೆ. ಆ ನಗು ಭಾನುವಾರದಿಂದ ನನ್ನನ್ನು ಕೂರಲು ಬಿಡುತ್ತಿಲ್ಲ.

ನಮ್ಮ ಮನೆಯಲ್ಲಿ ಅದೊಂದು ತಮಾಷೆಯಾಗಿಹೋಯಿತು. ನಾಲ್ಕು ಜನ ಸೇರಿದ ಕಡೆಯೆಲ್ಲ ನಿನ್ನ ಸೋದರಮಾವ, ‘ಎಲ್ಲಿ ನಮ್ಮ ಓಟಗಾತಿ, ಹಗ್ಗ ತಂದಿದ್ದೀರಾ’ ಅಂತ ಕೇಳುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಮೂರನೇ ಕ್ಲಾಸಿನಲ್ಲಿ ಶಾಲೆಯವರು ಪ್ರವಾಸ ಹೊರಟಾಗ ನೀನೇ ಹೋಗಿ, ‘ನನ್ನ ಕರ್ಕೊಂಡು ಹೋಗ್ಬೇಡಿ ಮಿಸ್, ನಾನು ಓಡಿಹೋಗ್ತೀನಿ’ ಎಂದಿದ್ದೆಯಂತೆ. ಟೀಚರ್ ಅದನ್ನು ನಗುತ್ತಾ ನನಗೆ ಹೇಳಿದರು. ಅವತ್ತು ಮನೆಗೆ ಬಂದು ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಅತ್ತೆ. ಆದರೂ ಬಾಯಿ ಬಿಡಲಿಲ್ಲ.

ಬಟಾಣಿ, ನೀನು ಕೈ ಬಿಡಿಸಿಕೊಂಡು ಓಡಲಿಲ್ಲ. ಕೈ ಬಿಟ್ಟವಳು ನಾನು.

ನಿನಗಾಗ ಆರು ವರ್ಷ. ಸ್ಟುಡಿಯೋ ತೆರೆದು ಒಂದು ವರ್ಷವಾಗಿತ್ತು, ಉದ್ದದ ಲೆನ್ಸ್ ಬಂದು ಒಂದು ವಾರ. ಮನೆಗೆ ಹೊಸ ಸೊಸೆ ಬಂದರೂ ನಾನು ಹಾಗೆ ಮುಟ್ಟಿ ಮುಟ್ಟಿ ನೋಡುತ್ತಿರಲಿಲ್ಲ. ಪಾರ್ಕಿನ ಗೇಟಿನಲ್ಲಿ ಕೆಂಪು ಟೋಪಿ ಹಂಚುತ್ತಿದ್ದರು. ನಾನು ಫೋಟೋದವಳ ತಲೆಯಲ್ಲಿ ಯೋಚಿಸಿದೆ. ಕೆಂಪು ಬಣ್ಣ ಎಷ್ಟು ದೂರದಿಂದಲೂ ಎದ್ದು ಕಾಣುತ್ತದೆ, ಹುಡುಕುವ ಕೆಲಸವೇ ಇಲ್ಲ ಎಂದು ನಿನ್ನ ಜಡೆಯನ್ನು ಟೋಪಿಯೊಳಗೆ ಸೇರಿಸಿ ತೊಡಿಸಿದೆ. ಆ ದಿನ ಒಳಗೆ ಬಂದ ಎಲ್ಲ ಮಕ್ಕಳಿಗೂ ಅದೇ ಟೋಪಿ ಕೊಡುತ್ತಿದ್ದಾರೆ ಎಂಬುದು ಕಣ್ಣಿಗೆ ಕಾಣುತ್ತಲೇ ಇತ್ತು, ತಲೆಗೆ ಹೋಗಲಿಲ್ಲ.

ನಿಮ್ಮಪ್ಪ ಪುಟಾಣಿ ರೈಲಿನ ಟಿಕೆಟ್ಟಿಗೆ ಸಾಲಿನಲ್ಲಿ ನಿಂತಿದ್ದರು. ನಾವಿಬ್ಬರು ಸುತ್ತುವ ಕುದುರೆಗಳ ಹತ್ತಿರ ಇದ್ದೆವು. ನಿನ್ನನ್ನು ಕುದುರೆಯ ಮೇಲೆ ಕೂರಿಸಿ ಹೊಸ ಲೆನ್ಸಿನಲ್ಲಿ ತೆಗೆಯಬೇಕು ಎಂದು ನನ್ನ ಆಸೆ. ಲೆನ್ಸ್ ಬದಲಿಸಲು ಎರಡು ಕೈ ಬೇಕು. ಬೇಲಿಯ ಪಕ್ಕದಲ್ಲೊಂದು ನೀಲಿ ದೀಪದ ಕಂಬವಿತ್ತು. ‘ಇದನ್ನು ಹಿಡ್ಕೊಂಡು ನಿಂತಿರು, ನಾನು ಕರೆಯೋವರೆಗೂ ಬಿಡಬೇಡ’ ಎಂದೆ. ನೀನು ಎರಡು ಕೈಯಲ್ಲೂ ಕಂಬ ತಬ್ಬಿಕೊಂಡೆ. ನಾನು ಧೂಳು ಬೀಳಬಾರದೆಂದು ಬೆನ್ನು ತಿರುಗಿಸಿ, ಬಗ್ಗಿ, ಚೀಲದೊಳಗೇ ಲೆನ್ಸ್ ಬದಲಿಸಿದೆ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ.

ತಲೆ ಎತ್ತಿದಾಗ ಕೆಂಪು ಟೋಪಿಯ ಮಗುವೊಂದು ಬಿಳಿ ಕುದುರೆ ಹತ್ತುತ್ತಿತ್ತು. ತಾಳ್ಮೆಗೆಟ್ಟು ನೀನೇ ಹತ್ತಿಬಿಟ್ಟೆ ಎಂದುಕೊಂಡೆ. ಕಂಬದ ಕಡೆ ತಿರುಗಿ ಸಹ ನೋಡಲಿಲ್ಲ. ಕ್ಯಾಮೆರಾ ಕಣ್ಣಿಗೆ ಹಿಡಿದು, ಬಿಸಿಲು ಸರಿಯಾಗಿ ಬೀಳಲಿ ಎಂದು ಬೇಲಿಯ ಗುಂಟ ಆಚೆ ಬದಿಗೆ ನಡೆದುಬಿಟ್ಟೆ. ಅಷ್ಟು ಉದ್ದದ ಲೆನ್ಸಿನಲ್ಲಿ ಒಂದು ಟೋಪಿ ಬಿಟ್ಟು ಬೇರೆ ಪ್ರಪಂಚ ಕಾಣುವುದಿಲ್ಲ. ಮಗು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿತ್ತು, ಮುಖ ಬಗ್ಗಿಸಿತ್ತು, ನಾನು ‘ತಲೆ ಎತ್ತು ಬಟಾಣಿ, ತಲೆ ಎತ್ತು’ ಎಂದು ಕೂಗುತ್ತಲೇ ಇದ್ದೆ. ಫಿಲ್ಮ್ ರೋಲ್ ಮುಗಿಯುವ ಹೊತ್ತಿಗೆ ಕುದುರೆಗಳು ನಿಂತವು. ಮಗು ಇಳಿದು ಯಾರೋ ಹೆಂಗಸಿನ ಹತ್ತಿರ ಓಡಿ ಟೋಪಿ ತೆಗೆಯಿತು. ಕತ್ತರಿಸಿದ ಕೂದಲಿನ ಗಂಡುಹುಡುಗ.

ಆಮೇಲೆ ಕಂಬದ ಕಡೆ ನೋಡಿದೆ. ಕಂಬ ಇತ್ತು.

ನಲವತ್ತು ನಿಮಿಷ ಬಟಾಣಿ. ಎತ್ತ ನೋಡಿದರೂ ಕೆಂಪು ಟೋಪಿ. ಒಂದೊಂದನ್ನೂ ಹಿಡಿದು ತಿರುಗಿಸಿದೆ, ಮಕ್ಕಳು ಹೆದರಿ ಅತ್ತವು, ತಾಯಂದಿರು ಬೈದರು. ಪಾರ್ಕಿನ ಆಫೀಸಿನವನು ಯಾವ ಬಣ್ಣದ ಫ್ರಾಕು ಎಂದು ಕೇಳಿದರೆ ನನಗೆ ನೆನಪಾಗಲಿಲ್ಲ. ಬೆಳಗ್ಗೆ ನಾನೇ ಇಸ್ತ್ರಿ ಮಾಡಿದ್ದೆ. ನಿಮ್ಮಪ್ಪ ಓಡಿಬಂದು ಏನಾಯಿತು ಎಂದಾಗ ನನ್ನ ಬಾಯಿಂದ ಬಂದದ್ದು, ‘ಕೈ ಬಿಡಿಸ್ಕೊಂಡು ಓಡಿಬಿಟ್ಲು’ ಎಂಬ ಮಾತು. ಹಾಗೆ ಹೇಳಬೇಕೆಂದು ಯೋಚಿಸಿರಲಿಲ್ಲ. ಆದರೆ ಹೇಳಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಕ್ಯಾಮೆರಾ ಹಿಡಿಯುವ ಕೈ ಮಗು ಹಿಡಿಯುತ್ತದೆಯೇ ಎಂದು ನಿನ್ನ ಅಜ್ಜಿ ಒಂದು ವರ್ಷದಿಂದ ಕುಟುಕುತ್ತಿದ್ದರು. ನಿಜ ಹೇಳಿದ್ದರೆ ಸ್ಟುಡಿಯೋದ ಬಾಗಿಲು ಅವತ್ತೇ ಮುಚ್ಚುತ್ತಿತ್ತು. ಆ ಹೆದರಿಕೆಯಲ್ಲಿ ನಿನ್ನನ್ನು ಮುಂದೆ ತಳ್ಳಿ ಹಿಂದೆ ಅಡಗಿಕೊಂಡೆ.

ಸಾಮಾನಿನ ಲಾರಿಗಳು ಬರುವ ಹಿಂದಿನ ಗೇಟಿನ ಹತ್ತಿರ ಕಸ ಗುಡಿಸುವ ಹೆಂಗಸಿಗೆ ನೀನು ಸಿಕ್ಕಿದೆ. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಮೈಗೆ ಏನೂ ಆಗಿರಲಿಲ್ಲ. ನಿಮ್ಮಪ್ಪ ನಿನ್ನನ್ನು ಎತ್ತಿಕೊಂಡರು, ಅತ್ತರು, ಆಮೇಲೆ ಕೆನ್ನೆಗೆ ಹೊಡೆದರು. ಅವರು ನಿನ್ನ ಮೇಲೆ ಕೈ ಮಾಡಿದ್ದು ಅದೊಂದೇ ಸಲ. ನೀನು ಬಿಕ್ಕುತ್ತಾ, ‘ನಾನು ಕಂಬ ಹಿಡ್ಕೊಂಡೇ ಇದ್ದೆ’ ಎಂದೆ. ಅವರು ನನ್ನ ಮುಖ ನೋಡಿದರು. ನಾನು ತಲೆ ಬಗ್ಗಿಸಿ ಕ್ಯಾಮೆರಾದ ಪಟ್ಟಿ ಸರಿಮಾಡಿಕೊಂಡೆ. ಒಂದೆರಡು ವಾರ ನೀನು ಕಂಬದ ಮಾತು ಹೇಳುತ್ತಿದ್ದೆ. ಆಮೇಲೆ ಬಿಟ್ಟೆ. ಶಾಲೆಗೆ ಸೇರುವ ಹೊತ್ತಿಗೆ ‘ನಾನು ಓಡಿಹೋಗಿದ್ದೆ’ ಎಂದು ನೀನೇ ಎಲ್ಲರಿಗೂ ಹೇಳತೊಡಗಿದೆ.

ನಿನ್ನನ್ನು ಕಂಬದ ಹತ್ತಿರ ಬಿಟ್ಟದ್ದು ನಾನು, ಇಷ್ಟು ನಿಜ. ಅಲ್ಲಿಂದ ಹಿಂದಿನ ಗೇಟಿಗೆ ಹೇಗೆ ಹೋದೆಯೋ ನನಗೂ ಗೊತ್ತಿಲ್ಲ. ನನ್ನನ್ನೇ ಹುಡುಕಿಕೊಂಡು ಹೊರಟಿರಬೇಕು. ಆ ರೋಲ್ ಬೆಳಕು ತಗುಲಿ ಹಾಳಾಯಿತು, ಅದರಲ್ಲಿ ಏನೂ ಉಳಿಯಲಿಲ್ಲ.

ನಿಮ್ಮಪ್ಪ ತೀರಿಕೊಂಡು ಆರು ವರ್ಷವಾಯಿತು. ಅವರಿಗೆ ಹೇಳುವ ಅವಕಾಶ ಕಳೆದುಕೊಂಡೆ. ನಿನ್ನ ವಿಷಯದಲ್ಲೂ ಹಾಗಾಗುತ್ತದೋ ಎಂದು ಹೆದರಿಕೆ. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದು. ನೀನು ಕಳಿಸಿದ ಪಾರ್ಕಿನ ಚಿತ್ರ ನೋಡಿದೆ. ಹೆಸರು ಬದಲಾಗಿದೆ, ಆಕಾಶ ಮುಟ್ಟುವ ಆಟಗಳು ಬಂದಿವೆ. ಆದರೆ ಮೂಲೆಯಲ್ಲಿ ಆ ಕುದುರೆಗಳು ಹಾಗೆಯೇ ಇವೆ. ಅದೇ ಜಾಗ. ನೀನು ಫೋಟೋ ತೆಗೆಯುವಾಗ ಚಿಕ್ಕವನ ಕೈಯನ್ನು ನನ್ನ ಕೈಗೆ ಕೊಡಬೇಕೆಂದಿದ್ದೀಯಲ್ಲ, ಅದನ್ನು ನೆನೆಸಿಕೊಂಡರೆ ಎದೆ ಹಾರುತ್ತದೆ. ಮೊಣಕಾಲಿಗೆ ಏನೂ ಆಗಿಲ್ಲ.

ಇಷ್ಟು ಓದಿದ ಮೇಲೆ ನಿನಗೆ ನನ್ನ ಮುಖ ನೋಡುವುದು ಬೇಡವೆನಿಸಿದರೆ ಅದೂ ಸರಿ. ಇನ್ನೂ ಬಾ ಅನ್ನುವ ಮನಸ್ಸಿದ್ದರೆ ಬರುತ್ತೇನೆ. ಕ್ಯಾಮೆರಾ ತರುವುದಿಲ್ಲ, ಚೀಲವನ್ನೂ ತರುವುದಿಲ್ಲ. ಎರಡು ಕೈಯೂ ಖಾಲಿ ಇಟ್ಟುಕೊಂಡು ಬರುತ್ತೇನೆ. ಚಿಕ್ಕವನ ಸೊಂಟದ ಪಟ್ಟಿ ಬಿಚ್ಚಿಹಾಕು, ಅವನು ಯಾರ ಬುದ್ಧಿಯನ್ನೂ ಪಡೆದುಕೊಂಡು ಬಂದಿಲ್ಲ.

ದೊಡ್ಡವಳಿಗೂ ಚಿಕ್ಕವನಿಗೂ ಮುತ್ತು. ಅಳಿಯಂದಿರಿಗೆ ಆಶೀರ್ವಾದ.

ನಿನ್ನ ತಪ್ಪಿತಸ್ಥೆ,
ಅಮ್ಮ

ತಾ.ಕ.: ಚೀಲ ಕಟ್ಟಿ ಮುಗಿಸಿದ್ದೆ. ಮತ್ತೆ ಬಿಚ್ಚಿದ್ದೇನೆ. ಮೇಲೆ ಒಂದು ಸುಳ್ಳು ಉಳಿದುಬಿಟ್ಟಿದೆ. ಆ ರೋಲ್ ಹಾಳಾಗಿರಲಿಲ್ಲ. ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ನಾನೊಬ್ಬಳೇ ತೊಳೆದೆ. ಎಲ್ಲದರಲ್ಲೂ ಮುಂದೆ ಆ ಹುಡುಗ. ಕೆಲವುಗಳಲ್ಲಿ ಕುದುರೆಗಳ ಸಂದಿಯಿಂದ ಆಚೆ ಬದಿ ಮಸುಕಾಗಿ ಕಾಣುತ್ತದೆ, ನೀಲಿ ಕಂಬ, ಅದರ ಹತ್ತಿರ ನೀನು. ಎಂಟನೆಯದರಲ್ಲಿ ಕಂಬ ತಬ್ಬಿಕೊಂಡಿದ್ದೀಯೆ. ಹದಿನೇಳನೆಯದರಲ್ಲೂ ಹಾಗೆಯೇ. ಮೂವತ್ತೊಂದನೆಯದನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಅದರಲ್ಲಿ ನಿನ್ನ ಪಕ್ಕದಲ್ಲಿ ಒಬ್ಬ ಗಂಡಸು ಇದ್ದಾನೆ. ಬಿಳಿ ಅಂಗಿಯ ತೋಳು, ಗಡಿಯಾರ, ಅಷ್ಟೇ ಬಿದ್ದಿದೆ, ಮುಖ ಚೌಕಟ್ಟಿನ ಆಚೆಗೆ ಹೋಗಿದೆ. ಅಮ್ಮನ ಹತ್ತಿರ ಕರೆದುಕೊಂಡು ಹೋಗುತ್ತೇನೆ ಎಂದಿರಬೇಕು. ಕಸ ಗುಡಿಸುವ ಹೆಂಗಸು ಅವತ್ತು ನನ್ನೊಬ್ಬಳ ಕಿವಿಯಲ್ಲಿ ಹೇಳಿದ್ದಳು, ಮಗುವಿನ ಜೊತೆ ಒಬ್ಬ ಇದ್ದ, ಯಾರ ಮಗು ಎಂದು ಕೇಳಿದ್ದಕ್ಕೆ ನೀರು ತರುತ್ತೇನೆಂದು ಹೊರಟವನು ಬರಲಿಲ್ಲ ಎಂದು. ದೂರು ಕೊಟ್ಟರೆ ನೀವೆಲ್ಲಿದ್ದಿರಿ ಎಂದು ನನ್ನನ್ನು ಕೇಳುತ್ತಿದ್ದರು. ಯಾರಿಗೂ ಹೇಳಲಿಲ್ಲ. ಮರುದಿನ ಅವನು ಇನ್ಯಾರ ಮಗುವಿನ ಪಕ್ಕದಲ್ಲಿ ನಿಂತನೋ, ಅದನ್ನೂ ನಾನೇ ಹೊರಬೇಕು. ಭೂತಗನ್ನಡಿ ಹಿಡಿದು ಆ ಚಿತ್ರ ನೋಡು. ನಿನ್ನ ಒಂದು ಕೈ ಅವನ ಕೈಯಲ್ಲಿದೆ. ಇನ್ನೊಂದು ಕೈ ಇನ್ನೂ ಕಂಬವನ್ನು ಬಿಟ್ಟಿಲ್ಲ.