ದೊಡ್ಡವ್ವನ ಕಿವಿಗೆ ತಲುಪದ ಮಾತು

ಗದಗ, 2149ರ ಫೆಬ್ರವರಿ ಮೂವತ್ತು

ಹಿಂದಿನ ಕಾಲದ ನನ್ನ ಹಿರಿಯರೇ,

ತಾರೀಕು ನೋಡಿ ನಗಬೇಡಿ. ತಿಂಗಳುಗಳನ್ನೆಲ್ಲ ಸಮ ಮಾಡಿದ ಮೇಲೆ ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ ಬಂದಿವೆ. ನನ್ನ ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನೀವು ಶ್ರವಣಯಂತ್ರ ಎನ್ನುವುದು ನಮಗೆ ಕಿವಿಗಾಳು. ಜೋಳದ ಕಾಳಿನಷ್ಟಿದ್ದು ಕಿವಿಯೊಳಗೇ ಕೂತಿರುತ್ತದೆ. ನಿಮ್ಮ ಸ್ಮಾರ್ಟ್‌ಫೋನು ಈಗ ಸೆರಗಿಗೆ ಸಿಕ್ಕಿಸಿಕೊಳ್ಳುವ ತೆಳು ಬಿಲ್ಲೆ; ಹತ್ತಿರವಿದ್ದರೆ ಕಿವಿಗಾಳು ತಾನಾಗಿ ಅದಕ್ಕೆ ಜೋಡಿಕೊಳ್ಳುತ್ತದೆ. ಅದರೊಳಗಿನ ಆಪ್‌ಗಳನ್ನು ಮಾತ್ರ ಇನ್ನೂ ಆಪ್ ಎಂದೇ ಕರೆಯುತ್ತೇವೆ.

ನನ್ನ ಅವ್ವ ಸಂಗವ್ವ ಮತ್ತು ಅವಳ ಅಕ್ಕ, ನನ್ನ ದೊಡ್ಡವ್ವ ನೀಲವ್ವ ಸೇರಿ ರೈಲು ನಿಲ್ದಾಣದ ಎದುರು ಖಾನಾವಳಿ ನಡೆಸುತ್ತಾರೆ. ಹಿಟ್ಟನ್ನು ಈಗ ಯಂತ್ರ ನಾದುತ್ತದೆ, ರೊಟ್ಟಿಯನ್ನು ಇಂದಿಗೂ ಕೈಯಲ್ಲೇ ಬಡಿಯುತ್ತೇವೆ. ಆ ಸದ್ದಿನ ನಡುವೆಯೂ ದೊಡ್ಡವ್ವನಿಗೆ ಕಿವಿಗಾಳಿನಿಂದ ಎಲ್ಲವೂ ಕೇಳುತ್ತಿತ್ತು. ಕಳೆದ ವರ್ಷ ಅವಳು ಅಡುಗೆ ಸಾಮಾನು ತರಿಸುವ ಆಪ್ ಒಂದನ್ನು ತನ್ನ ಬಿಲ್ಲೆಗೆ ಹಾಕಿಸಿಕೊಂಡಳು. ಆಮೇಲೆ ಜನರ ಮಾತು ನಡುನಡುವೆ ಮಾಯವಾಗತೊಡಗಿತು. ತುಟಿ ಅಲುಗುತ್ತಿತ್ತು, ದನಿ ಇರುತ್ತಿರಲಿಲ್ಲ. ರೊಟ್ಟಿ ಬಡಿಯುವ ಸದ್ದು ಕೇಳುತ್ತಲೇ ಇದ್ದುದರಿಂದ ಕಿವಿಯ ಮೇಲೆ ಅವಳಿಗೆ ಅನುಮಾನ ಬರಲಿಲ್ಲ. ನಮ್ಮ ಮೇಲೆ ಬಂತು.

"ನಾ ಬಂದ ಕೂಡ್ಲೆ ಯಾಕ ದನಿ ಇಳಸ್ತೀರಿ? ನನ್ನ ಹೊರಗ ಹಾಕೂ ಹಂಚಿಕಿ ನಡದೈತೇನ?" ಎಂದು ಒಂದು ಮಧ್ಯಾಹ್ನ ಗಿರಾಕಿಗಳ ಎದುರೇ ಕೇಳಿದಳು.

ಅವ್ವ ಏನೋ ಹೇಳಿದಳು. ದೊಡ್ಡವ್ವನ ಮುಖ ಇನ್ನಷ್ಟು ಬಿಗಿಯಿತು. ಅಂದೇ ಒಲೆ ಬೇರೆಯಾಯಿತು. ಹುಟ್ಟಿದಾಗಿನಿಂದ ಜೊತೆಗೇ ಉಂಡವರು ಬೆನ್ನು ತಿರುಗಿಸಿ ಉಣ್ಣತೊಡಗಿದರು. ಮುದುಕಿಗೆ ಅರಳುಮರಳು ಎಂದು ಗಿರಾಕಿಗಳು ಆಡಿಕೊಂಡರು.

ಒಮ್ಮೆ ದೊಡ್ಡವ್ವನ ಬಿಲ್ಲೆ ಬೇಳೆಯ ಪಾತ್ರೆಗೆ ಬಿದ್ದು ರಿಪೇರಿಗೆ ಹೋದಾಗ, ಅವ್ವ ಹಿತ್ತಿಲಲ್ಲಿ ನನ್ನೊಡನೆ ಆಡಿದ ಮಾತಿಗೆ ದೊಡ್ಡವ್ವ ಒಳಗಿನಿಂದ ಉತ್ತರ ಕೊಟ್ಟಳು. ನನಗೆ ಸಂಶಯ ಹುಟ್ಟಿತು. ಬಿಲ್ಲೆ ಮರಳಿ ಬಂದ ಮೇಲೆ ಒಂದೊಂದೇ ಆಪ್ ತೆಗೆಯುತ್ತ, ಅವಳ ಬೆನ್ನ ಹಿಂದೆ ನಿಂತು ಕರೆದೆ. ಸಾಮಾನಿನ ಆಪ್ ತೆಗೆದಾಗ ತಿರುಗಿ ನೋಡಿದಳು. ಮತ್ತೆ ಹಾಕಿದೆ, ತಿರುಗಲಿಲ್ಲ.

ಆಪ್ ಮಾಡಿದವರಿಗೆ ದೂರು ಕೊಟ್ಟರೆ, ದೋಷ ತಮ್ಮದಲ್ಲ, ಬಳಸುವವರ ವಯಸ್ಸಿನದು ಎಂದರು. ಇದನ್ನೆಲ್ಲ ತಿಳಿದ ದೊಡ್ಡವ್ವ ಅವ್ವನನ್ನು ಕೇಳಿದಳು: "ಸಂಗೀ, ಆವತ್ತ ಗಿರಾಕಿ ಮುಂದ ನೀ ಏನಂದಿದ್ದಿ?"

"ನೀ ಇಲ್ಲದ ಈ ಖಾನಾವಳಿ ನನಗ್ಯಾಕ ಬೇಕ ಅಕ್ಕಾ, ಅಂದಿದ್ದೆ."

ಇಬ್ಬರೂ ಅತ್ತರು, ಒಲೆ ಒಂದಾಯಿತು. ನನ್ನ ಸಂಶಯ ಮಾತ್ರ ಹೋಗಿಲ್ಲ. ಅದು ಬರೀ ಯಂತ್ರದ ತೊಡಕಾಗಿದ್ದರೆ ಬೇರೆ ಸದ್ದನ್ನೆಲ್ಲ ಬಿಟ್ಟು ಮನುಷ್ಯರ ಮಾತನ್ನೇ ಏಕೆ ಹಿಡಿಯಿತು? ಹಿಡಿದ ಮಾತು ಎಲ್ಲಿಗೆ ಹೋಯಿತು? ಕಳೆದ ವಾರ ಅದೇ ಆಪ್ ಹೊಸ ಹೆಸರಿನಲ್ಲಿ, ಯಾರೂ ಕರೆಯದೆ, ಅವ್ವನ ಬಿಲ್ಲೆಗೆ ಬಂದು ಕೂತಿತ್ತು.

ನಿಮ್ಮ ಕಾಲದಲ್ಲಿ ಈ ಪಿಡುಗು ಇನ್ನೂ ಎಳೆಯದಾಗಿರಬಹುದು. ಆದ್ದರಿಂದ ಕೇಳಿಕೊಳ್ಳುತ್ತೇನೆ: ಕಿವಿಗೆ ಯಂತ್ರ ಹಾಕಿಕೊಂಡ ಯಾರಾದರೂ ನೀವು ಏನೋ ಮುಚ್ಚಿಡುತ್ತಿದ್ದೀರಿ ಎಂದು ದೂರಿದರೆ, ಸಿಡುಕಬೇಡಿ. ಅವರ ಫೋನನ್ನು ಅಂಗಳದಲ್ಲಿಟ್ಟು ಬನ್ನಿ. ಎದುರು ಕೂತು, ಅದೇ ಮಾತನ್ನು ಇನ್ನೊಮ್ಮೆ ಹೇಳಿ.

ಇನ್ನೂ ಹುಟ್ಟದ ನಿಮ್ಮವಳು,
ದಾನಮ್ಮ