ಗುಬ್ಬಿಯನ್ನು ಈಗ ಕರೆತರಬೇಡ

ಏಪ್ರಿಲ್ ೯, ಮಂಗಳವಾರ

ಪ್ರೀತಿಯ ಅಕ್ಕ,

ನಮಸ್ಕಾರ. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಮೇಜಿನ ಮೇಲೆ ಬಿದ್ದುಕೊಂಡು, ನಾನು ಹೋಗುವಾಗ ಬರುವಾಗ ನನ್ನನ್ನೇ ನೋಡುತ್ತಿದೆ. ಉತ್ತರ ಬರೆಯದ ಸೋಮಾರಿ ಎಂದು ಬೈದುಕೊಂಡಿರುತ್ತೀಯ. ಬೈಯಿ. ನಿನ್ನ ಬೈಗುಳ ತಿಂದೇ ಬೆಳೆದವಳು ನಾನು, ಅದಿಲ್ಲದಿದ್ದರೆ ಉಂಡಿದ್ದು ಮೈಗೆ ಹತ್ತುವುದಿಲ್ಲ. ಫೋನಿನಲ್ಲೇ ಹೇಳೋಣವೆಂದರೆ ನೀನು ಎತ್ತಿದ ಕೂಡಲೇ ಗುಬ್ಬಿ ಓಡಿ ಬಂದು ಸ್ಪೀಕರ್ ಒತ್ತಿಬಿಡುತ್ತಾಳೆ. ನನ್ನ ಮಗಳು ಕೇಳಬಾರದ ಮಾತುಗಳಿವೆ, ಅದಕ್ಕೇ ಈ ಕಾಗದ. ಓದಿ ಮುಗಿಸಿದ ಮೇಲೆ ಅವಳ ಕೈಗೆ ಸಿಗದ ಕಡೆ ಇಡು. ಒತ್ತಕ್ಷರಗಳನ್ನೂ ತಡವರಿಸದೆ ಓದುತ್ತಾಳೆ ಎಂದು ನೀನೇ ಹೆಮ್ಮೆಯಿಂದ ಬರೆದಿದ್ದೀಯಲ್ಲ.

ಹೊಸ ಕೆಲಸ ಹೇಗಿದೆ ಎಂದು ಕೇಳಿದ್ದೀಯ. ಕೆಲಸ ಎನ್ನುವುದಾದರೆ ಕೆಲಸವೇ. ಡಿಪೋದ ಹಿಂಭಾಗದಲ್ಲಿ, ಹಳೆ ಟೈರು ಪೇರಿಸಿಟ್ಟ ಗೋದಾಮಿಗೆ ಅಂಟಿಕೊಂಡಂತೆ ಒಂದು ಕೋಣೆ. ಪ್ರಯಾಣಿಕರು ಬಸ್ಸಿನಲ್ಲಿ ಬಿಟ್ಟುಹೋದದ್ದೆಲ್ಲ ನನ್ನ ಮುಂದೆ ಬಂದು ಬೀಳುತ್ತದೆ: ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿ. ಮೊನ್ನೆ ಯಾರದೋ ಹಲ್ಲುಸೆಟ್ಟು ಬಂತು. ಅದರ ಯಜಮಾನರು ಬಾಯಿಗೆ ಕರವಸ್ತ್ರ ಮುಚ್ಚಿಕೊಂಡು ಬಂದು, ಇದು ತಮ್ಮದೇ ಎಂದು ರುಜುವಾತು ಮಾಡಲು ನನ್ನೆದುರೇ ಅದನ್ನು ಬಾಯಿಗಿಟ್ಟುಕೊಂಡು ನಕ್ಕರು. ಬೇರೆ ಕಾಲವಾಗಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಈಗ ಅವರು ಬೆನ್ನು ತಿರುಗಿಸಿದ್ದೇ ತಡ, ನಲ್ಲಿಯ ಹತ್ತಿರ ಹೋಗಿ ಚರ್ಮ ಕೆಂಪಾಗುವ ತನಕ ಕೈ ತೊಳೆದೆ. ಆ ಡಬ್ಬಿಗಳನ್ನು ಕೈಗವಸಿಲ್ಲದೆ ಮುಟ್ಟುವುದಿಲ್ಲ. ಪಕ್ಕದ ಮೆಕ್ಯಾನಿಕ್ಕುಗಳು ನನಗೆ "ಸೋಪಮ್ಮ" ಎಂದು ಹೆಸರಿಟ್ಟಿದ್ದಾರೆ. ಇಡಲಿ.

ನನ್ನ ಹಳೆ ಬಸ್ಸಿನ ಡ್ರೈವರಣ್ಣ ಆಗಾಗ ಬಾಗಿಲಲ್ಲಿ ನಿಂತು ಹೋಗುತ್ತಾರೆ. ನಾನಿಲ್ಲದ ಬಸ್ಸಿನಲ್ಲಿ ಬೈಯುವವರೇ ಇಲ್ಲವಂತೆ, ಜನ ಫುಟ್‌ಬೋರ್ಡಿನಿಂದ ಒಳಗೆ ಬರುವುದೇ ಇಲ್ಲವಂತೆ. ತಮಾಷೆ ಮಾಡುತ್ತಾರೆ, ಆದರೆ ನನ್ನ ಕಾಲುಗಳ ಕಡೆ ನೋಡುವುದಿಲ್ಲ. ಅಂದು ಹುಡುಗಿಯೊಬ್ಬಳ ಸ್ಕೂಟರು ಅಡ್ಡ ನುಗ್ಗಿದಾಗ ಅವರು ಬ್ರೇಕ್ ಹಾಕದಿದ್ದರೆ ಆ ಹುಡುಗಿ ಉಳಿಯುತ್ತಿರಲಿಲ್ಲ. ಚಿಲ್ಲರೆ ಎಣಿಸುತ್ತಾ ನಿಂತಿದ್ದ ನಾನು ಹೋಗಿ ಸೀಟಿನ ಕಬ್ಬಿಣದ ಮೂಲೆಗೆ ಬಡಿದುಕೊಂಡೆ. ಎಡಪಕ್ಕೆಯ ಕೆಳಗೆ ಒಂದು ನೀಲಿ ಗುರುತು, ಅಷ್ಟೇ. ಎದ್ದು ಮುಂದಿನ ನಿಲ್ದಾಣದವರೆಗೂ ಟಿಕೆಟ್ ಕೊಟ್ಟೆ. ಆಮೇಲೆ ಕಣ್ಣು ಕತ್ತಲೆ ಬಂತು. ಒಳಗೆ ಗುಲ್ಮ ಒಡೆದಿತ್ತು, ರಕ್ತ ಸೋಸುವ ಸ್ಪ್ಲೀನ್ ಎನ್ನುತ್ತಾರಲ್ಲ, ಅದು. ಅದನ್ನು ತೆಗೆದು ಹಾಕಿದರು.

ನೀನು ಬರೆದಿದ್ದೀಯ, ಗುಲ್ಮ ಇಲ್ಲದೆಯೂ ಜನ ಚೆನ್ನಾಗಿಯೇ ಬದುಕುತ್ತಾರಂತೆ, ಮತ್ಯಾಕೆ ಇಷ್ಟೊಂದು ಹೆದರಿಕೆ ಎಂದು. ಡಾಕ್ಟರಮ್ಮನೂ ಅದನ್ನೇ ಹೇಳುತ್ತಾರೆ. ತಿನ್ನಿ, ಓಡಾಡಿ, ಕೆಲಸಕ್ಕೆ ಹೋಗಿ, ಲಸಿಕೆಗಳನ್ನು ತಪ್ಪಿಸಬೇಡಿ, ಇಷ್ಟೇ ಎನ್ನುತ್ತಾರೆ. ಒಂದೇ ಒಂದು ಮಾತು ಸೇರಿಸುತ್ತಾರೆ: ಜ್ವರ ಬಂದರೆ ಕಾಯಬೇಡಿ, ನಾನು ಕೊಟ್ಟ ಮಾತ್ರೆ ನುಂಗಿ ನೇರ ಆಸ್ಪತ್ರೆಗೆ ಬನ್ನಿ. ಮಿಕ್ಕವರಿಗೆ ನೆಗಡಿಯಾಗಿ ಹೋಗುವಂಥದ್ದು ನನ್ನ ರಕ್ತಕ್ಕೆ ಇಳಿದರೆ ತಡೆಯುವವರು ಯಾರೂ ಇಲ್ಲವಂತೆ. ನಾನು ಕೇಳಿಸಿಕೊಂಡಿದ್ದು ಆ ಕೊನೆಯ ಮಾತೊಂದನ್ನೇ. ಆದರೂ ಮೊದಲ ಸಲ ಧೈರ್ಯವಾಗಿಯೇ ಇದ್ದೆ ಅಕ್ಕ. ಹೊಲಿಗೆ ಮಾಯುತ್ತಲೇ ಬಸ್ ಹತ್ತಿದೆ, ಸೀಟಿ ಊದಿದೆ, ಜನರನ್ನು ಒಳಗೆ ದಬ್ಬಿದೆ. ಮನೆಯಲ್ಲಿ ಮಾತ್ರ ಒಂದು ಕಟ್ಟುಪಾಡು ಮಾಡಿದ್ದೆವು. ಅದು ನನ್ನದೇ ಯೋಚನೆ. ಗುಬ್ಬಿಗೆ ಭಯವಾಗದಿರಲೆಂದು ಆಟದ ಹಾಗೆ ಮಾಡಿದ್ದೆ.

ರಾತ್ರಿ ನನ್ನ ಪಕ್ಕ ಮಲಗಬೇಕೆಂದರೆ ಅವಳು ಟಿಕೆಟ್ ತೋರಿಸಬೇಕು. ಟಿಕೆಟ್ ಎಂದರೆ ಥರ್ಮಾಮೀಟರು. ನಾಲಿಗೆಯ ಕೆಳಗಿಟ್ಟುಕೊಂಡು, ಪೀಂ ಎಂದಾಗ ನನ್ನ ಕೈಗೆ ಕೊಡಬೇಕು. ನಾನು ಕಂಡಕ್ಟರಳ ಗತ್ತಿನಿಂದ ನೋಡಿ "ರೈಟ್, ಹತ್ತಿ" ಎನ್ನುವೆ. ಮೈ ಬಿಸಿಯಿದ್ದರೆ ಟಿಕೆಟ್ ಇಲ್ಲ, ಅಪ್ಪನ ಕೋಣೆಗೆ ಇಳಿಯಬೇಕು. ಅವಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಇವರೂ ನಗುತ್ತಿದ್ದರು. ನಮ್ಮ ಬುದ್ಧಿವಂತಿಕೆಗೆ ನಾವೇ ಬೆನ್ನು ತಟ್ಟಿಕೊಂಡೆವು.

ಈಗ ಬರೆಯುವುದು ನಿನಗೆ ಗೊತ್ತಿಲ್ಲ, ಇವರಿಗೂ ಗೊತ್ತಿಲ್ಲ. ನಮ್ಮ ಹಜಾರ ನಿನಗೆ ಗೊತ್ತೇ ಇದೆ, ಇವರು ರಿಪೇರಿಗೆಂದು ತಂದ ಫ್ರಿಜ್ಜುಗಳು ನೆಂಟರ ಹಾಗೆ ಸಾಲಾಗಿ ನಿಂತಿರುತ್ತವೆ. ಒಂದಕ್ಕೆ ಗ್ಯಾಸ್ ತುಂಬಿಸಿದ ಮೇಲೆ ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ಇವರು ಬಟ್ಟಲಿನಲ್ಲಿ ನೀರಿಟ್ಟು ಐಸ್ ಆಗುತ್ತದೆಯೇ ನೋಡುತ್ತಾರೆ. ಆ ಐಸು ಗುಬ್ಬಿಯ ಪಾಲು. ಒಂದು ಸಂಜೆ ಶಾಲೆಯಿಂದ ಬರುವಾಗಲೇ ಅವಳಿಗೆ ಗಂಟಲು ನೋವು, ಮೈ ಬೆಚ್ಚಗಿತ್ತಂತೆ. ಆ ದಿನ ಟೀಚರು ಎಲ್ಲರ ಮುಂದೆ ಗದರಿದ್ದರಂತೆ, ಹಾಗಾಗಿ ಅಮ್ಮನ ಹತ್ತಿರವೇ ಮಲಗಬೇಕು ಎಂದು ಹಟ ಹುಟ್ಟಿತಂತೆ. ಹೊಸದಾಗಿ ಸರಿಯಾದ ಫ್ರಿಜ್ಜಿನಿಂದ ಐಸ್ ತೆಗೆದು ಬಾಯಿ ಮರಗಟ್ಟುವವರೆಗೆ ಚೀಪಿ, ಆಮೇಲೆ ಟಿಕೆಟ್ ತಂದು ತೋರಿಸಿದಳು. ನಾನು "ರೈಟ್" ಅಂದೆ. ನನ್ನ ಕುತ್ತಿಗೆಗೆ ಮುಖ ಹುದುಗಿಸಿ ಮಲಗಿದಳು.

ಮುಂದಿನದ್ದು ನೀನೇ ಬಂದು ನೋಡಿದ್ದೀಯ. ಡ್ಯೂಟಿಯಲ್ಲಿದ್ದಾಗಲೇ ನಡುಕ ಹತ್ತಿತು. ಬ್ಯಾಗಿನಲ್ಲಿದ್ದ ಮಾತ್ರೆ ನುಂಗಿದೆ, ಡ್ರೈವರಣ್ಣ ಪ್ರಯಾಣಿಕರನ್ನೆಲ್ಲ ಇಳಿಸಿ ಬಸ್ಸನ್ನೇ ಆಸ್ಪತ್ರೆಗೆ ತಿರುಗಿಸಿದರು. ಅಷ್ಟರಲ್ಲೇ ರಕ್ತವೆಲ್ಲ ಕೆಟ್ಟಿತ್ತು. ಜೀವ ಉಳಿಯಿತು, ಕಾಲ್ಬೆರಳುಗಳು ಕಪ್ಪಾದವು, ಕತ್ತರಿಸಿ ತೆಗೆದರು. ಕಾಲ್ಬೆರಳಿಲ್ಲದವಳು ಓಡುವ ಬಸ್ಸಿನಲ್ಲಿ ನಿಲ್ಲುವುದು ಹೇಗೆ? ಹದಿನೆಂಟು ವರ್ಷ ಕಂಬಿಯನ್ನೂ ಹಿಡಿಯದೆ ತಿರುವುಗಳಲ್ಲಿ ನಿಂತಿದ್ದೆ ಅಕ್ಕ, ಆ ಒಂದು ವಿಷಯದಲ್ಲಿ ನನಗೆ ಬಹಳ ಜಂಬವಿತ್ತು. ಈಗ ಮನೆಯಲ್ಲಿ ಬಾತ್‌ರೂಮಿಗೆ ಹೋಗುವಾಗಲೂ ಗೋಡೆ ಬೇಕು.

ವಾರ್ಡಿಗೆ ಬಂದ ಮೇಲೆ ಇವರು ಔಷಧಿ ತರಲು ಹೋಗಿದ್ದಾಗ ಗುಬ್ಬಿ ಮಂಚದ ಹತ್ತಿರ ಬಂದು ಎಲ್ಲ ಹೇಳಿದಳು. ಅವಳ ಮಾತನ್ನು ಹೇಳಿದ ಹಾಗೇ ಬರೆಯುತ್ತೇನೆ: "ಅಮ್ಮಾ, ನಾನು ಐಸ್ ಚೀಪಿ ಟಿಕೆಟ್ ತೋರ್ಸಿದ್ದೆ. ಸುಳ್ಳು ಟಿಕೆಟ್ ಅದು." ನಾನು ಪರವಾಗಿಲ್ಲ ಕಂದ, ಇದು ನಿನ್ನಿಂದ ಬಂದದ್ದಲ್ಲ ಎಂದೆ. ಡಾಕ್ಟರಮ್ಮನೂ ಹಾಗೇ ಹೇಳಿದ್ದರು, ದಿನವಿಡೀ ಬಸ್ಸಿನಲ್ಲಿ ಯಾರು ಯಾರು ಕೆಮ್ಮಿದ್ದಾರೋ, ಇಂಥವರಿಂದಲೇ ಎಂದು ಹೇಳಲು ಬರುವುದಿಲ್ಲ ಎಂದು. ನಾನು ಅವಳಿಗೆ ಅದನ್ನೂ ಹೇಳಿದೆ. ಅವಳು ಒಪ್ಪಿಕೊಂಡ ಹಾಗೆ ತಲೆಯಾಡಿಸಿದಳು. ಒಪ್ಪಿಕೊಂಡಿರಲಿಲ್ಲ. ಆಮೇಲೆ ನೀನು ಬಂದು ಅವಳನ್ನು ನಿನ್ನ ಮನೆಗೆ ಕರೆದೊಯ್ದೆ, ಅಲ್ಲಿಯ ಶಾಲೆಗೆ ಸೇರಿಸಿದೆ. ನಿನ್ನ ಋಣವನ್ನು ಈ ಜನ್ಮದಲ್ಲಿ ತೀರಿಸಲಾರೆ.

ಈಗ ಶಾಲೆ ಮುಗಿಯುತ್ತದೆ, ಯಾವತ್ತು ಕರೆತರಲಿ ಎಂದು ಕೇಳಿದ್ದೀಯ. ಇವರಂತೂ ಕುಣಿಯುತ್ತಿದ್ದಾರೆ. ಅವಳ ಮಂಚಕ್ಕೆ ಹಳದಿ ಬಣ್ಣ ಬಳಿದಿದ್ದಾರೆ, ಗೋಡೆಗೆ ಒರಗಿಸಿಟ್ಟು ಅದರ ಮುಂದೆ ಕುರ್ಚಿ ಹಾಕಿಕೊಂಡು ಟೀ ಕುಡಿಯುತ್ತಾರೆ. ನಿನ್ನೆ ನನ್ನನ್ನು ಕೇಳಿದರು, "ಯಾವತ್ತು ಬರ್ತಾಳಂತೆ ನಮ್ಮ ಯಜಮಾನಿ?" ನಾನು ಅಕ್ಕನಿಗೆ ಬರೆಯುತ್ತೇನೆ ಎಂದೆ. ಬರೆಯುತ್ತಿದ್ದೇನೆ.

ಕರೆತರಬೇಡ ಅಕ್ಕ. ಈಗ ಬೇಡ. ಎಲ್ಲ ಕಡೆ ಜ್ವರ ಕೆಮ್ಮು ಹರಡಿರುವ ಕಾಲ, ರೈಲಿನ ತುಂಬ ಜನ. ಇಲ್ಲಿಗೆ ಬಂದರೆ ಆ ಫ್ರಿಜ್ಜುಗಳನ್ನು ನೋಡಿ ಮಗು ಮತ್ತೆ ಅದನ್ನೇ ನೆನೆಸಿಕೊಳ್ಳುತ್ತದೆ. ಅಲ್ಲಿ ಗೆಳತಿಯರಾಗಿದ್ದಾರೆ, ಸೈಕಲ್ ಕಲಿಯುತ್ತಿದ್ದಾಳೆ, ನಿನ್ನ ಮಗನ ಜೊತೆ ಜಗಳವಾಡಿ ಗಟ್ಟಿಯಾಗಿದ್ದಾಳೆ ಎಂದು ಬರೆದಿದ್ದೀಯ. ಇನ್ನೊಂದು ವರ್ಷ ಅಲ್ಲೇ ಇರಲಿ. ಅವಳ ಬಟ್ಟೆ ಬರೆಗೆ ಬೇಕಾದ್ದನ್ನು ಇವರು ಕಳಿಸುತ್ತಾರೆ, ನೀನು ಬೇಡ ಎನ್ನಬೇಡ. ಇವರಿಗೆ ಏನು ಹೇಳುವುದೆಂದು ನನಗೆ ಇನ್ನೂ ಹೊಳೆದಿಲ್ಲ. ಆ ಹಳದಿ ಮಂಚವನ್ನು ನೋಡಿದಾಗಲೆಲ್ಲ ಇವರ ಮುಖ ನೋಡಲು ಧೈರ್ಯ ಬರುವುದಿಲ್ಲ.

ನನ್ನ ಬಗ್ಗೆ ಹೇಳಿಕೊಳ್ಳಲು ಏನೂ ಇಲ್ಲ. ಬೆಳಿಗ್ಗೆ ಏಳುತ್ತೇನೆ, ಹಣೆ ಮುಟ್ಟಿ ನೋಡಿಕೊಳ್ಳುತ್ತೇನೆ, ಬಿಸಿಯಿಲ್ಲ ಎಂದಾದರೆ ಇನ್ನೊಂದು ದಿನ ಸಿಕ್ಕಿತು ಎನ್ನಿಸಬೇಕು. ಅನ್ನಿಸುವುದಿಲ್ಲ. ಇಷ್ಟು ಜೋಪಾನವಾಗಿ ಕಾಪಾಡಿಕೊಂಡ ಜೀವವನ್ನು ಯಾವುದಕ್ಕೆ ಇಟ್ಟುಕೊಂಡಿದ್ದೇನೆ ಎಂಬುದೇ ಮರೆತುಹೋಗಿದೆ. ಹೀಗೆ ಬರೆದೆನೆಂದು ಗಾಬರಿಯಾಗಿ ಓಡಿ ಬರಬೇಡ. ನಿನ್ನ ತಂಗಿ ಗಟ್ಟಿಗಿತ್ತಿ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ನೀನು, ಆ ಮಾನ ಉಳಿಸುವ ಮಟ್ಟಿಗೆ ಇದ್ದೇನೆ.

ಭಾವನಿಗೆ ನಮಸ್ಕಾರ ಹೇಳು. ಮಂಡಿನೋವಿಗೆ ಎಣ್ಣೆ ಹಚ್ಚಲು ಸೋಮಾರಿತನ ಮಾಡಬೇಡ. ನಿನ್ನ ಮಗನಿಗೂ ಗುಬ್ಬಿಗೂ ನನ್ನ ಆಶೀರ್ವಾದ, ಇಬ್ಬರೂ ಗಟ್ಟಿಮುಟ್ಟಾಗಿ ಬೆಳೆಯಲಿ, ಯಾವ ಕಾಯಿಲೆಯೂ ಅವರ ನೆರಳು ತುಳಿಯದಿರಲಿ. ನಿನ್ನ ಹೊಟ್ಟೆ ತಣ್ಣಗಿರಲಿ.

ಇಂತಿ,
ನಿನ್ನ ತಂಗಿ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದು ಕಾಗದ ಮಡಿಚಿದ್ದೆ. ಮೇಲೆ ಕೊಟ್ಟ ಕಾರಣಗಳನ್ನೆಲ್ಲ ಹೊಡೆದು ಹಾಕು. ನೀನು ಅವಳನ್ನು ಕರೆದೊಯ್ಯುವ ದಿನ ಅವಳು ಬ್ಯಾಗು ಬಿಸಾಕಿ ನನ್ನ ಕಡೆ ಓಡಿ ಬಂದಳಲ್ಲ, ಆಗ ನೀನು ಆಟೋದವನ ಜೊತೆ ಮಾತಾಡುತ್ತಿದ್ದೆ. ನನ್ನ ಕೈ ತಾನಾಗಿ ಮುಂದೆ ಬಂತು ಅಕ್ಕ. ಅಪ್ಪಿಕೊಳ್ಳಲು ಅಲ್ಲ. ಬಸ್ಸಿನಲ್ಲಿ ಮೈಮೇಲೆ ಬೀಳುವವರನ್ನು ತಡೆಯುತ್ತೇವಲ್ಲ, ಹಾಗೆ. ನನ್ನ ಅಂಗೈ ಅವಳ ಎದೆಗೆ ತಗುಲಿತು. ಅವಳು ಅಲ್ಲೇ ನಿಂತು, "ಕೈ ತೊಳ್ಕೊಂಡೇ ಬಂದಿದೀನಮ್ಮಾ" ಅಂದಳು. ನನಗೆ ಆ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಾಗಲಿಲ್ಲ. ಅವಳೇ ಹಿಂದೆ ಸರಿದು ಬ್ಯಾಗು ಎತ್ತಿಕೊಂಡಳು. ಎಷ್ಟು ಜಾಣೆ, ಒಂದು ಹನಿ ಕಣ್ಣೀರು ಹಾಕದೆ ಆಟೋ ಹತ್ತಿದಳು ಎಂದು ನೀನು ಎಲ್ಲರಿಗೂ ಹೇಳಿದೆ. ನನಗೆ ನನ್ನ ಮಗಳನ್ನು ಕಂಡರೆ ಭಯ ಅಕ್ಕ. ಅಪ್ಪಿಕೊಂಡರೆ ಏನೂ ಆಗುವುದಿಲ್ಲ ಎಂದು ಡಾಕ್ಟರಮ್ಮ ಹೇಳುತ್ತಾರೆ, ನನಗೂ ಗೊತ್ತು, ಈ ಮೈಗೆ ಗೊತ್ತಿಲ್ಲ. ಫೋನಿನಲ್ಲಿ ಅವಳು ಸೀನಿದರೂ ಫೋನನ್ನು ದೂರ ಹಿಡಿಯುತ್ತೇನೆ. ಅವಳು ಬಂದು, ಆ ಕೈ ಇನ್ನೊಮ್ಮೆ ಮುಂದೆ ಬಂದರೆ, ಅದನ್ನು ಅವಳು ಸಾಯುವವರೆಗೂ ಮರೆಯುವುದಿಲ್ಲ. ಮನೆಗೆ ಯಾಕೆ ಹೋಗಬಾರದು ಎಂದು ನಿನ್ನನ್ನು ಕೇಳಿಯೇ ಕೇಳುತ್ತಾಳೆ. ನಿನಗೆ ತೋಚಿದ ಸುಳ್ಳು ಹೇಳು. ಅಮ್ಮನಿಗೆ ಜ್ವರ ಎಂದು ಮಾತ್ರ ಹೇಳಬೇಡ.